ಎರಡು ಗೇಣು

ಪೆರ್ಲದ ಪೇಟೆಯಲ್ಲಿ ನನ್ನದೊಂದು ಸ್ಟುಡಿಯೋ.
ಗಲ್ಲ ಎತ್ತಿ, ಕಣ್ಣು ಬಿಡಿ, ಮದುಮಗ ಸ್ವಲ್ಪ ಈಚೆ ಬನ್ನಿ,
ಅತ್ತೆಯವರು ನಗಲಿ, ಹೀಗೆ
ಇಪ್ಪತ್ತಾರು ವರ್ಷ ಜನರನ್ನು ಜರುಗಿಸಿ ಅನ್ನ ತಿಂದವನು.
ಪರದೆಯ ತಾಜಮಹಲು ಪರದೆಯದ್ದೆಂದು
ತೆಗೆಸಿಕೊಂಡವರಿಗೂ ಗೊತ್ತು, ನೋಡಿದವರಿಗೂ ಗೊತ್ತು.

ತೀರ್ಥಂಕರ ಹಾಗಲ್ಲ. ಕೋಲ್ಕತ್ತದವನು.
ಹುಲ್ಲುಕಡ್ಡಿಯನ್ನೂ ಸರಿಸುವುದಿಲ್ಲ ಎಂದ ಮೊದಲ ದಿನವೇ;
ಇದ್ದದ್ದು ಇದ್ದ ಹಾಗೆ, ನಾನು ಅಲ್ಲಿಲ್ಲದ ಹಾಗೆ.
ಅವನ ಹಿಂದಿಗೂ ಇಲ್ಲಿಯ ನಾಲ್ಕು ಭಾಷೆಗೂ
ನಡುವಿನ ಸಂಕ ನಾನು. ದಿನಕ್ಕೆ ಎಂಟುನೂರು, ಊಟ ಬೇರೆ.

ಬಾಯಾರಿನ ಗುಡ್ಡದ ಬೆನ್ನಲ್ಲಿ, ಗೇರುಮರಗಳ ಆಚೆ
ಮುರಕಲ್ಲು ಕೊರೆದು ನೀರು ತಂದವರಲ್ಲಿ ಉಳಿದವರು
ಅಂಬು ಮಣಿಯಾಣಿ. ಎಪ್ಪತ್ತು ದಾಟಿದೆ.
ಎರಡು ದಿನ ಕಾದೆವು. ಅವರು
ಎಲೆಗೆ ಸುಣ್ಣ ಹಚ್ಚಿದರು, ಆಡು ಕಟ್ಟಿದರು,
ಮೊಮ್ಮಗಳ ಮೊಬೈಲಿನಲ್ಲಿ ಕಬಡ್ಡಿ ನೋಡಿದರು.
ಸುರಂಗ ತೋಡಿಸುವವರಿಲ್ಲ ಈಗ;
ಬೋರಿನ ಲಾರಿ ಬಂದು ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ.
ಇದ್ದದ್ದು ಇದ್ದ ಹಾಗೆ ಎಂದರೆ ಇದೇ:
ಮುದುಕರೊಬ್ಬರು ಕಬಡ್ಡಿ ನೋಡುವುದು.

ಮೂರನೇ ದಿನ ತೀರ್ಥಂಕರ ನನ್ನ ಕಿವಿಯ ಹತ್ತಿರ,
ಸಾಲ ಕೇಳುವವನ ದನಿಯಲ್ಲಿ:
'ಕೇಳಿ ನೋಡು. ಒಮ್ಮೆ ಒಳಗೆ ಹೋಗಬಹುದೇನೋ.
ಒತ್ತಾಯವಿಲ್ಲ.'
ಅಷ್ಟು ಮೆದುವಾದ ಮಾತು
ನನ್ನ ಬಾಯಿಂದ ಹೊರಬಿದ್ದಾಗ ಹೀಗಿತ್ತು:
'ಮಣಿಯಾಣಿಯರೇ, ಏಳಿ. ಪಿಕಾಸು ತಗೊಳ್ಳಿ.
ಅಂಗಿ ತೆಗೆಯಿರಿ.'
ಅಂಗಿಯ ಸಂಗತಿ ಅವನು ಹೇಳಿರಲಿಲ್ಲ.

ಬಗ್ಗಿಕೊಂಡು ಹೋದೆವು ಅವರ ಹಿಂದೆ, ಬಾವಲಿಗಳ ವಾಸನೆಗೆ.
ಮೇಣದ ಬತ್ತಿ ಮುಖದ ಹತ್ತಿರ ಹಿಡಿಯಿರಿ ಎಂದೆವು.
ನಮ್ಮಲ್ಲಿ ಯಾರು ಎಂದದ್ದು, ಈಗ ನೆನಪಿಲ್ಲ.
ಅವರು ನಕ್ಕರು. 'ಬತ್ತಿ ಮುಖಕ್ಕಲ್ಲ ಮಾರಾಯ,
ಬದಿಯ ಗೂಡಿನಲ್ಲಿಡುವುದು, ಸೊಂಟಕ್ಕಿಂತ ಕೆಳಗೆ.
ಬೆಳಕಿಗೂ ಅಲ್ಲ, ಉಸಿರಿಗೆ.
ಅದು ಸಣ್ಣದಾದರೆ ಹೊರಗೆ ಬರಬೇಕು.
ಆರುವವರೆಗೆ ಕೂತರೆ ಬರಲಿಕ್ಕಾಗುವುದಿಲ್ಲ.'
ಇಷ್ಟು ಹೇಳಿ, ಮುಖದ ಹತ್ತಿರವೇ ಹಿಡಿದರು.
ದೂರದಿಂದ ಬಂದವರು ಕೇಳಿದ್ದಲ್ಲವೇ.

ಒಂದು ಕೈಯಲ್ಲಿ ಬತ್ತಿ, ಒಂದು ಕೈಯಲ್ಲಿ ಎತ್ತಿದ ಪಿಕಾಸು.
ಹಾಗೆ ಯಾರೂ ಅಗೆಯುವುದಿಲ್ಲ.
ತೀರ್ಥಂಕರನಿಗೆ ಬೇಕಾದ ಚಿತ್ರ ಅಲ್ಲಿಗೆ ಸಿಕ್ಕಿತು.
ಆದರೆ ಎತ್ತಿದ್ದನ್ನು ಸುಮ್ಮನೆ ಇಳಿಸಲು
ಆ ತೋಳಿಗೆ ಬರಲಿಲ್ಲ.
ಬತ್ತಿಯನ್ನು ಗೂಡಿನಲ್ಲಿಟ್ಟು, ಕುಕ್ಕರಗಾಲಲ್ಲಿ ಕೂತು
ಅಗೆದೇಬಿಟ್ಟರು.
ಸಾಕು ಎಂದೆ. ಸಾಕು ಎಂದೆ ತುಳುವಿನಲ್ಲಿ, ಮಲಯಾಳದಲ್ಲಿ.
ಕ್ಯಾಮರಾ ಚೀಲಕ್ಕೆ ಹೋದ ಮೇಲೂ
ಕತ್ತಲೆಯಿಂದ ಮಣ್ಣು ಬರುತ್ತಲೇ ಇತ್ತು.

ಹೊರಗೆ ಬಂದಾಗ ಹುಬ್ಬಿನವರೆಗೆ ಕೆಂಪು.
'ಎರಡು ಗೇಣು. ಅರ್ಧ ಕೋಲಿನ ಮೇಲೆ ಸ್ವಲ್ಪ.
ಆಟಕ್ಕೆ ಏನೂ ಬೇಡ. ಅಗೆದದ್ದಕ್ಕೆ ಕೊಡಿ.'
ಚಿತ್ರಕ್ಕೆ ದುಡ್ಡು ಕೊಡುವುದಿಲ್ಲ, ಅದು ನಿಯಮ ಎಂದ ತೀರ್ಥಂಕರ,
ನಿಜಕ್ಕೂ ನೊಂದು.
ನನ್ನ ಎಂಟುನೂರರಲ್ಲಿ ಐನೂರು ಅಲ್ಲಿಗೆ ಹೋಯಿತು.

ಕೊಚ್ಚಿಯ ಗೋಡೆಯಲ್ಲಿ ತೂಗಿದ್ದು ಬತ್ತಿ ಹಿಡಿದ ಮುಖ.
ಕೆಳಗೆ: ಸುರಂಗ ತೋಡುತ್ತಿರುವ ಅಂಬು ಮಣಿಯಾಣಿ.
ನಿಜ, ತೋಡಿದ್ದು ನಿಜ,
ಆ ಚಿತ್ರದಲ್ಲಲ್ಲ, ಅದರ ಐದು ನಿಮಿಷ ಆಚೆ,
ಬರೀ ಬೆನ್ನು, ಬರೀ ಧೂಳು, ಮಸುಕೆಂದು ಅಳಿಸಿದ್ದರಲ್ಲಿ.
ಅವನನ್ನು ಬಯ್ಯಲು ಹೊರಟರೆ
ಅಂಗಿ ಅಡ್ಡ ಬರುತ್ತದೆ.

ಮೊನ್ನೆ ಕಟ್ಟೆಯ ಅಂಗಡಿಯಲ್ಲಿ ಬತ್ತಿ ಕೊಂಡು
ಒಬ್ಬನೇ ಹೋಗಿದ್ದೆ, ಕ್ಯಾಮರಾ ಇಲ್ಲದೆ.
ಗೂಡಿನಲ್ಲಿಟ್ಟೆ, ಸೊಂಟಕ್ಕಿಂತ ಕೆಳಗೆ.
ಹಳೆಯ ಕೊರೆತ ಕಪ್ಪಾಗಿ ನಿಂತಲ್ಲಿಂದ
ಹೊಸ ಕೆಂಪನ್ನು ಕೈಯಗಲಿಸಿ ಅಳೆದೆ.
ನೀರೇನೂ ಇರಲಿಲ್ಲ.
ಎರಡು ಗೇಣು, ಮತ್ತೆ ನಾಲ್ಕು ಬೆರಳು.
ನನ್ನ ಗೇಣು ಚಿಕ್ಕದು.